ಎಣಿಸದೆ ತಂದ ಗಾಡಿ

ಗೇರ್ ಆಯಿಲ್ ವಾಸನೆಯನ್ನು ಗೊತ್ತಿಲ್ಲದವರಿಗೆ ತಿಳಿಸಿ ಹೇಳುವುದು ಕಷ್ಟ. ಕೊಳೆತ ಉಳ್ಳಾಗಡ್ಡಿಯನ್ನು ಕಾದ ಕಬ್ಬಿಣದ ಮೇಲೆ ಇಟ್ಟರೆ ಹತ್ತಿರ ಬರಬಹುದು. ಹೋದ ವಾರ ಬಸವನ ಬಾಗೇವಾಡಿಯ ಗ್ಯಾರೇಜೊಂದರಲ್ಲಿ ಯಾರದೋ ಜೀಪಿನ ಹಿಂದಿನ ಅಚ್ಚು ಬಿಚ್ಚಿದ್ದರು. ನಾನು ಸುಮ್ಮನೆ ಹಾದು ಹೋಗುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಐವತ್ತು ವರ್ಷದ ಹಿಂದಿನ ಸಿಟ್ಟು ಎದ್ದು ನಿಂತಿತು. ಸತ್ತವರ ಮೇಲೆ ಇನ್ನೆಂಥ ಸಿಟ್ಟು ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ. ನನ್ನ ಸಿಟ್ಟು ನನಗಿರಲಿ.

ಎಪ್ಪತ್ತರ ದಶಕದ ಮಾತು. ಸಿಂದಗಿಯಲ್ಲಿ ಬೇವಿನ ಗಿಡದ ಕೆಳಗೆ ಒಬ್ಬ ಮಿಸ್ತ್ರಿ ಇದ್ದ. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಗಾಡಿ ಕೆಟ್ಟರೂ ಅವನ ಮುಂದೆ ಬಂದು ನಿಲ್ಲುತ್ತಿತ್ತು. ಹಿಂದಿನ ಅಚ್ಚಿನೊಳಗಿನ ಹಲ್ಲಿನ ಚಕ್ರಗಳ ಜೋಡಿ, ನಾವು ಕ್ರೌನ್-ಪಿನಿಯನ್ ಅನ್ನುತ್ತೇವಲ್ಲ, ಅದನ್ನು ಕೂಡಿಸುವುದರಲ್ಲಿ ಅವನನ್ನು ಬಿಟ್ಟರೆ ಇಲ್ಲ. ಅವನದೊಂದು ಪದ್ಧತಿ ಇತ್ತು. ಕೆಲಸ ಮುಗಿದ ಮೇಲೆ ಗಾಡಿಯ ಮಾಲೀಕನ ಕೈಗೆ ಸೀಮೆಸುಣ್ಣದ ತುಂಡು ಕೊಡುತ್ತಿದ್ದ. ಒಂದು ಗಾಲಿ ಎತ್ತಿ, ಗಾಲಿಗೂ ಇಂಜಿನ್ನಿನ ಕಡೆಯಿಂದ ಅಚ್ಚಿಗೆ ಬರುವ ಉದ್ದ ಶಾಫ್ಟಿಗೂ ಗೆರೆ ಎಳೆದು, ಗಾಲಿಯನ್ನು ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂಬುದನ್ನು ಮಾಲೀಕನೇ ಕೆಳಗೆ ಮಲಗಿ ಎಣಿಸಬೇಕು. ಸುತ್ತು ಹೆಚ್ಚಿದ್ದರೆ ಗಾಡಿ ಭಾರ ಎಳೆಯುತ್ತದೆ, ಕಡಿಮೆ ಇದ್ದರೆ ಜೋರಾಗಿ ಓಡುತ್ತದೆ. "ಎಣಸ್ರಿ, ಆಮ್ಯಾಲೆ ನನ್ನ ಹೆಸರು ಕೆಡಸಬ್ಯಾಡ್ರಿ" ಅನ್ನುತ್ತಿದ್ದ. ಪೊಲೀಸ್ ಫೌಜದಾರ ಬಂದರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಗಾಡಿಯ ಕೆಳಗೆ ಮಲಗಿಸಿದ್ದ ಪುಣ್ಯಾತ್ಮ.

ಆಗ ನಾನು ಮಂದಿಯ ಲಾರಿ ಓಡಿಸುವುದು ಬಿಟ್ಟು ಒಂದು ಹಳೇ ಕಾರು ಕೊಂಡಿದ್ದೆ. ಕಣ್ಣು ಇದ್ದದ್ದು ಒಂದೇ ಕೆಲಸದ ಮೇಲೆ. ಬಾಗೇವಾಡಿಗೆ ನಸುಕಿನಲ್ಲಿ ಬರುವ ಪತ್ರಿಕೆಯ ಕಟ್ಟುಗಳನ್ನು ಹೂವಿನ ಹಿಪ್ಪರಗಿ, ತಾಳಿಕೋಟೆ, ಮುದ್ದೇಬಿಹಾಳ, ನಾಲತವಾಡಕ್ಕೆ ಮುಟ್ಟಿಸುವುದು. ಬೆಳಗಿನ ಚಹಾದ ಹೊತ್ತಿಗೆ ಬಾರದ ಪತ್ರಿಕೆ ಯಾರಿಗೆ ಬೇಕು? ವರ್ಷವಿಡೀ ದಿನಾಲೂ ಸಿಗುವ ಕೆಲಸ. ಅದು ಸಿಕ್ಕರೆ ಗಾಡಿ ನನ್ನದಾಗಿ ಉಳಿಯುತ್ತಿತ್ತು, ಇಲ್ಲವಾದರೆ ಮಾರಿ ಮತ್ತೆ ಮಂದಿಯ ಸ್ಟೇರಿಂಗು ಹಿಡಿಯಬೇಕಿತ್ತು. ಅದನ್ನು ಬಯಸಿದವರು ಇಬ್ಬರು, ನಾನು ಮತ್ತು ಕಾಕಾನ ಮಗಳ ಗಂಡ. ಪತ್ರಿಕೆಯ ಏಜೆಂಟರು, ಒಂದು ಮುಂಜಾನೆ ಇಬ್ಬರೂ ಕಟ್ಟು ಹೇರಿಕೊಂಡು ಹೊರಡಿರಿ, ತಾಳಿಕೋಟೆಗೆ ಮೊದಲು ಮುಟ್ಟಿದವನಿಗೆ ಕೆಲಸ ಎಂದರು.

ನಾನು ಕಾಕಾನ ಹತ್ತಿರ ಓಡಿದೆ. ಅಳಿಯನ ವಿಷಯ ಗೊತ್ತಿದ್ದೂ ಓಡಿದೆ, ಯಾಕೆಂದರೆ ಅವನು ಕಾಕಾ. ಸೊಲ್ಲಾಪುರದ ಗುಜರಿಯಿಂದ ತಂದ ಒಂದು ಜೋಡಿ ಅವನಲ್ಲಿತ್ತು. ನನ್ನ ಹಳೇ ಜೋಡಿಯಲ್ಲಿ ಶಾಫ್ಟ್ ಹತ್ತಿರ ಹತ್ತಿರ ಐದು ಸುತ್ತು ತಿರುಗುತ್ತಿತ್ತು, ಇದರಲ್ಲಿ ನಾಲ್ಕೂಕಾಲು.

"ಮುಂಜಾನಿ ಓಡಬೇಕು, ಮಧ್ಯಾಹ್ನ ಬಾಡಿಗಿ ಮಂದೀನ ತುಂಬಿಕೊಂಡು ಎಳೀಬೇಕು. ಒಂದ ಗಾಡಿಗೆ ಎರಡೂ ಹೆಂಗ ಕೂಡಸ್ಲಿ ತಮ್ಮಾ?" ಎಂದು ನಕ್ಕ.

ನಾಲ್ಕು ದಿನ ಇಬ್ಬರೂ ಅದನ್ನೇ ಅಗಿದೆವು. ಎಷ್ಟು ಮಂದಿ ಕೂಡುತ್ತಾರೆ, ಎಲ್ಲಿ ದಿಬ್ಬ, ಎಲ್ಲಿ ಹಳ್ಳ, ಎಲ್ಲಿ ರಸ್ತೆ ನೆಟ್ಟಗಿದೆ ಎಂದು ಒಂದೂ ಬಿಡದೆ ಕೇಳಿದ. ಒಂದು ದಿನ ನನ್ನ ಪಕ್ಕದಲ್ಲಿ ಕುಳಿತು ಇಂಡಿಯ ತನಕ ಬಂದು, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿದ. ಕೊನೆಗೆ, "ನಾಲ್ಕೂಕಾಲಿಂದೇ ಹಾಕ್ತೇನಿ. ದಿಬ್ಬದಾಗ ಒಂದ ಗೇರ್ ಕೆಳಗ ಹಾಕ್ಕೋ, ಸಾಕು" ಎಂದ. ಯಾವ ತಂದೆ ಮಗನಿಗಾಗಿ ಇಷ್ಟು ಮುತುವರ್ಜಿ ವಹಿಸಿಯಾನು ಅಂದುಕೊಂಡೆ... ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಗಾಡಿ ತಯಾರಾದ ದಿನ ನಾನೇ ಸೀಮೆಸುಣ್ಣಕ್ಕೆ ಕೈ ಚಾಚಿದೆ. ಕಾಕಾ ನನ್ನ ಕೈ ಹಿಡಿದು ಕೆಳಗಿಳಿಸಿದ.

"ಎಣಸೂದು ಹೊರಗಿನವರಿಗಿ. ನೀ ಮನಿ ಮಗ ಅದಿ. ಹೊಸಾ ಹಲ್ಲ ಐತಿ, ಆ ದಿನದ ತನಕ ಮೆಲ್ಲಕ ಓಡಸು."

ನನ್ನ ಕಣ್ಣು ತುಂಬಿ ಬಂತು. ಫೌಜದಾರನನ್ನೂ ಮಲಗಿಸಿದ ಮನುಷ್ಯ ನನಗೆ ಬೇಡ ಅಂದಿದ್ದ. ಸಿಂದಗಿಯಿಂದ ಹೂವಿನ ಹಿಪ್ಪರಗಿಯ ನಮ್ಮ ಮನೆಯವರೆಗೆ ಹಾಡಿಕೊಂಡು ಬಂದೆ. ಮೆಲ್ಲಗೆ ಓಡಿಸುತ್ತಿದ್ದರೂ ಗಾಡಿ ಹಗುರಾಗಿದೆ ಎಂದೇ ಅನ್ನಿಸಿತು, ಹೆಂಡತಿಗೂ ಹಾಗೇ ಹೇಳಿದೆ.

ಆ ಮುಂಜಾನೆ ಹಿಪ್ಪರಗಿ ದಾಟುವವರೆಗೆ ಇಬ್ಬರೂ ಹಿಂದೆ ಮುಂದೆ ಇದ್ದೆವು. ಆಮೇಲೆ ಜೋಳದ ಹೊಲಗಳ ನಡುವೆ ರಸ್ತೆ ನೆಟ್ಟಗಾಯಿತು. ನಾನು ಪೆಡಲನ್ನು ಪೂರ್ತಿ ಒತ್ತಿದೆ. ಇಂಜಿನ್ ಕಿರುಚಿತೇ ಹೊರತು ಗಾಡಿ ಹಳೇ ವೇಗ ದಾಟಲಿಲ್ಲ. ಯಾವತ್ತೂ ನನ್ನ ಧೂಳು ಕುಡಿಯುತ್ತಿದ್ದ ಅಳಿಯನ ಗಾಡಿ, ಸದ್ದೇ ಏರಿಸದೆ ಪಕ್ಕದಿಂದ ಹಾದು ಹೋಯಿತು. ನಾನು ತಾಳಿಕೋಟೆ ಮುಟ್ಟಿದಾಗ ಅವನು ಏಜೆಂಟರ ಜೊತೆ ಚಹಾ ಕುಡಿಯುತ್ತಿದ್ದ.

ಮನೆಗೆ ಬಂದವನೇ ಜಾಕ್ ಹಚ್ಚಿದೆ. ಹೆಂಡತಿ ಗಾಲಿ ತಿರುಗಿಸಿದಳು, ನಾನು ಕೆಳಗೆ ಮಲಗಿ ಎಣಿಸಿದೆ. ಹತ್ತಿರ ಹತ್ತಿರ ಐದು. ಮತ್ತೊಮ್ಮೆ ತಿರುಗಿಸು ಅಂದೆ. ಐದೇ. ಮೂರನೇ ಸಲ ನಾನು ಹೇಳುವ ಮೊದಲೇ ಅವಳು ತಿರುಗಿಸಿದಳು. ನನ್ನ ಹಳೇ ಹಲ್ಲುಗಳನ್ನೇ ತೊಳೆದು, ಹೊಸ ಎಣ್ಣೆ ಸುರಿದು ಮುಚ್ಚಿಬಿಟ್ಟಿದ್ದ. ನಾನು ಹೇಳಿದ ದಿಬ್ಬ, ನಾನು ಹೇಳಿದ ರಸ್ತೆಗೆ ಅಳೆದು ಆರಿಸಿದ ಜೋಡಿ ಅಳಿಯನ ಗಾಡಿಯಲ್ಲಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಏನೆಂದು ನನಗೆ ಆ ದಿನ ತಿಳಿಯಿತು. ಅಳಿಯನಿಗೇ ಕೊಡುತ್ತೇನೆ ಎಂದಿದ್ದರೆ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ಮನೆ ಮಗ ಅನ್ನುವ ಅಗತ್ಯವೇನಿತ್ತು?

ಗಾಡಿ ಮಾರಿದೆ. ಮತ್ತೆ ಲಾರಿ ಹತ್ತಿದೆ. ಸಿಂದಗಿಯ ಬೇವಿನ ಗಿಡದ ಕಡೆ ತಲೆ ಹಾಕಲಿಲ್ಲ. ಎರಡು ವರ್ಷದ ಮೇಲೆ ತಾಳಿಕೋಟೆಯ ಬಸ್ ನಿಲ್ದಾಣದಲ್ಲಿ ಕಾಕಾ ಎದುರಾದ. ಸೊರಗಿದ್ದ. ತಪ್ಪಿಸಿಕೊಂಡು ಹೋಗುತ್ತಾನೆ ಅಂದುಕೊಂಡರೆ ನೆಟ್ಟಗೆ ನನ್ನ ಹತ್ತಿರವೇ ಬಂದ.

"ಎಣಿಸಿದೇನು?" ಎಂದ.

"ಎಣಿಸಿದೆ. ಎಲ್ಲಾ ಮುಗದ ಮ್ಯಾಲೆ."

"ನಾ ಬ್ಯಾಡ ಅಂದ್ರ ನೀ ಬಿಟ್ಟ ಬಿಡೂದೇನು?" ಎಂದ. ಅದು ಬೈಗುಳವೋ, ಕ್ಷಮೆ ಕೇಳುವ ರೀತಿಯೋ... ಬಸ್ಸು ಬಂತು, ಹತ್ತಿ ಹೋದ. ಸತ್ತ ಸುದ್ದಿ ಬಂದಾಗ ನಾನು ಮಣ್ಣಿಗೆ ಹೋಗಲಿಲ್ಲ.

ಹೋದ ವಾರ ಬಾಗೇವಾಡಿಯ ಆ ಗ್ಯಾರೇಜಿನವನು ಸುಮ್ಮನೆ ನಿಂತ ನನ್ನನ್ನು ಕಂಡು, "ಏನ್ ಬೇಕ್ರಿ ಅಜ್ಜಾರ?" ಎಂದ. ಏನೂ ಬೇಡ ಎಂದು ಮುಂದೆ ನಡೆದೆ. ಜಾಕ್ ಹಚ್ಚಿ ಎಣಿಸಿದ ಆ ದಿನದಿಂದ ಇಲ್ಲಿಯವರೆಗೆ ನಾನು ಯಾರ ಕೆಲಸವನ್ನೂ, ಯಾರ ಮಾತನ್ನೂ ಎಣಿಸದೆ ಬಿಟ್ಟವನಲ್ಲ. ಹೆತ್ತ ಮಕ್ಕಳದ್ದನ್ನೂ ಎಣಿಸಿದ್ದೇನೆ. ಮೋಸ ಹೋದದ್ದು ಅದೊಂದೇ ಸಲ. ಗಾಡಿ ಓಡಿಸುತ್ತ ಹಾಡಿಕೊಂಡು ಮನೆಗೆ ಬಂದದ್ದೂ ಅದೊಂದೇ ಸಲ.