ಸೀನಿನಿಂದ ಶುರುವಾದದ್ದು

ಸೀನಿಗೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮಹಾ ಮರ್ಯಾದೆಯಿತ್ತು. ಹೊಸ್ತಿಲು ದಾಟುವವನ ಬೆನ್ನ ಹಿಂದೆ ಯಾರಾದರೂ ಸೀನಿದರೆ, ಅವನು ಮರಳಿ ಬಂದು, ನೀರು ಕುಡಿದು, ಕ್ಷಣಹೊತ್ತು ಕುಳಿತೇ ಹೊರಡಬೇಕು. ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನನ್ನ ಅಕ್ಕ ಸುಭದ್ರಾ ಸಾಲುಸಾಲಾಗಿ ಸೀನತೊಡಗಿದಾಗ ಈ ಶಾಸ್ತ್ರವನ್ನು ಪಾಲಿಸಿದ್ದರೆ, ಖೂಬಾ ಪ್ಲಾಟ್ ಬಡಾವಣೆಯ ಮನೆಯಿಂದ ನಾನು ಕಾಲೇಜಿಗೆ ಹೋಗುವುದೇ ಆಗುತ್ತಿರಲಿಲ್ಲ. ಅದರಿಂದ ನನ್ನ ವಿದ್ಯಾರ್ಥಿಗಳಿಗೆ ನಷ್ಟವೇನೂ ಆಗುತ್ತಿರಲಿಲ್ಲ, ಬಿಡಿ.

ಅಕ್ಕ ಕಮಲಾಪುರದ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ಅವಳ ಸೀನು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿಕಣಗಳು ವಿಪರೀತ ಹೆಚ್ಚಿವೆ, ಹೊಟ್ಟೆಯ ಹುಳವೇ ಕಾರಣವಿರಬೇಕೆಂದು ಡಾಕ್ಟರು ಅದಕ್ಕೆ ಔಷಧ ಕೊಟ್ಟರು. ಹುಳಗಳಿದ್ದರೆ ಪಾಪ ಸತ್ತಿರಬೇಕು. ಕಣಗಳು ಮಾತ್ರ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನ ಎಡಗಾಲಿನ ಚಪ್ಪಲಿ ಕಳಚಿಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಎತ್ತಿಕೊಂಡು ಬಂದು ಕೊಟ್ಟಳು. ಸಂಜೆಯ ಹೊತ್ತಿಗೆ ಆ ಪಾದ ನೆಲಬಿಟ್ಟು ಏಳದಾಯಿತು.

ಸೇಡಂ ರಸ್ತೆಯ ವೈದ್ಯರೊಬ್ಬರು ಅವಳ ಪಾದದ ಹತ್ತಿರದ ನರದ ತುಣುಕೊಂದನ್ನು ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಭಾಳ ಅಪರೂಪದ ರೋಗರೀ ಇದು. ಬಾ ಅಂತ ಒಂದು ಬಿಳಿಕಣ ಇನ್ನೊಂದಕ್ಕ ಹೇಳಿ ಕಳಸ್ತದ. ಬಂದದ್ದು ಮತ್ತ ನಾಕು ಮಂದೀನ ಕರೀತದ. ಹೊರಗಿನ ವೈರಿ ಯಾರೂ ಇಲ್ಲ, ಆದ್ರೂ ಇವು ಕೂಡಿಕೊಂಡು ನರಕ್ಕ ರಕ್ತ ಒಯ್ಯೋ ನಾಳ ಕೆಡಸ್ಲಿಕತ್ಯಾವ. ಈ ಕರಿಯೋದು ನಿಲ್ಲಿಸಬೇಕು."

"ನಿಲ್ಲಿಸಿದ್ರ, ಖರೇ ಜಡ್ಡು ಬಂದಾಗ ಯಾರು ಬರ್ತಾರ್ರೀ?" ಎಂದಳು ಅಕ್ಕ.

"ಆ ಹೆದರಿಕಿ ನನಗೂ ಅದ. ಬಿಟ್ರ ಹೃದಯಕ್ಕೂ ಹೋಗ್ತಾವ, ಅದು ಅದಕ್ಕಿಂತ ದೊಡ್ಡ ಹೆದರಿಕಿ."

ಸ್ಟೆರಾಯ್ಡು ಶುರುವಾಯಿತು; ಜೊತೆಗೆ ಕ್ಯಾನ್ಸರಿಗೂ ಕೊಡುವ ಇನ್ನೊಂದು ಔಷಧ. ಉಬ್ಬಸ ಅಡಗಿತು, ಮುಖ ಊದಿ ಹುಣ್ಣಿಮೆಯ ಚಂದ್ರನಾಯಿತು. ಮನೆಗೆ ಬಂದವರನ್ನೆಲ್ಲ ನಾನು ಗೇಟಿನಲ್ಲೇ ತಡೆದು, ನೆಗಡಿಯಿದೆಯೇ, ಕೆಮ್ಮಿದೆಯೇ ಎಂದು ವಿಚಾರಿಸಿ, ಬಂಧುಬಳಗದಲ್ಲಿ ಶಾಶ್ವತವಾದ ಅಪಕೀರ್ತಿ ಗಳಿಸಿದೆ. ಕೊನೆಗೆ ನೆಗಡಿಯಾದದ್ದು ನನಗೇ. ಅಂಗಳದಲ್ಲಿ ಕಿಟಕಿಯಾಚೆ ನಿಂತು ಅಕ್ಕನನ್ನು ಮಾತಾಡಿಸುತ್ತಿದ್ದೆ.

"ನಿನ್ನ ಮಾರಿ ಕಿಡಕಿ ಹೊರಗಿಂದನ ಛಂದ ಕಾಣ್ತದ," ಎಂದಳು.

ಅವಳಿಗೆ ಜ್ವರ ಬಂದದ್ದು ಅದಾದ ಮೇಲೆ. ಸೋಂಕು ನನ್ನಿಂದಲೇ ಬಂತೋ ಇಲ್ಲವೋ ಯಾರಿಗೂ ತಿಳಿಯದು. ಮೈ ಕೆಂಡವಾಗಿತ್ತು, ಮತ್ತೆ ಏದುಸಿರು ಹತ್ತಿತ್ತು. ಆಸ್ಪತ್ರೆಗೆ ಒಯ್ದಾಗ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು.

"ಹಳೇ ರೋಗ ತಿರುಗಿ ಬಂದಿದ್ರ ಔಷಧ ಹೆಚ್ಚು ಮಾಡಬೇಕು. ಸೋಂಕಾಗಿದ್ರ ಹೆಚ್ಚು ಮಾಡಿದ್ದೇ ಅವರ ಜೀವಕ್ಕ ಕುತ್ತು. ರಕ್ತ, ಎಕ್ಸ್‌ರೇ ನೋಡೋತನ ಏನೂ ಹೇಳಂಗಿಲ್ಲ."

ತರಗತಿಯಲ್ಲಿ ಅರ್ಥಾಲಂಕಾರಗಳ ಸೂಕ್ಷ್ಮಭೇದಗಳನ್ನು ಗಂಟೆಗಟ್ಟಲೆ ಬಿಡಿಸುವ ನನಗೆ, ಆಸ್ಪತ್ರೆಯ ಬೆಂಚಿನ ಮೇಲೆ ಯಾವುದಕ್ಕಾಗಿ ಬೇಡಿಕೊಳ್ಳಬೇಕೆಂಬುದೇ ತಿಳಿಯಲಿಲ್ಲ. ರೋಗ ಮರುಕಳಿಸಿರಲಿ ಎನ್ನಲೇ, ಸೋಂಕಿರಲಿ ಎನ್ನಲೇ? ಎರಡರಲ್ಲಿ ಒಂದನ್ನು ಹಾರೈಸುವುದೂ ಅಕ್ಕನಿಗೆ ಬಗೆದ ದ್ರೋಹದಂತೆ ಕಂಡಿತು.

ವೈದ್ಯರು ಎಕ್ಸ್‌ರೇ ಹಿಡಿದುಕೊಂಡೇ ಹೊರಬಂದರು. ಆ ಕಣಗಳು ತೀರ ಇಳಿದಿವೆ; ಬಲ ಶ್ವಾಸಕೋಶದ ಕೆಳಗೆ ನ್ಯುಮೋನಿಯಾದ ಬಿಳಿ ಮಚ್ಚೆಯಿದೆ.

"ಸೋಂಕೇ. ಆ ಎರಡನೇ ಔಷಧ ಈಗ ನಿಲ್ಲಿಸ್ತೀನಿ. ಸ್ಟೆರಾಯ್ಡ್ ಒಮ್ಮೆಲೇ ಬಿಡಂಗಿಲ್ಲ. ಸೋಂಕಿಗೆ ಔಷಧ ಕೊಡ್ತೀನಿ, ದೇಹ ಈಗ ತಾನೂ ಸ್ವಲ್ಪ ಹೊಡದಾಡ್ಲಿ."

ಜ್ವರ ತಟ್ಟನೆ ಬಿಡಲಿಲ್ಲ. ಅವಳ ಮೇಲೆ ಹಟ ತೊಟ್ಟಂತೆ ಏರುತ್ತ, ಇಳಿಯುತ್ತ, ಕೊನೆಗೆ ದಣಿದು ಹೋಯಿತು. ಬಲವೆಂದರೆ ಹೋರಾಟವೆಂದೇ ಅದುವರೆಗೆ ತಿಳಿದಿದ್ದವನು ನಾನು. ಎಲ್ಲಿ ಸಾಕು ಮಾಡಬೇಕೆಂಬ ದೇಹದ ಅರಿವನ್ನೇ ನಾವು ಆರೋಗ್ಯವೆಂದು ಕರೆಯುತ್ತ ಬಂದಿದ್ದೇವೆಂಬುದು, ಆ ಅರಿವು ತಪ್ಪಿದ ಒಂದು ದೇಹವನ್ನು ಹತ್ತಿರದಿಂದ ಕಂಡ ಮೇಲೆ ಹೊಳೆಯಿತು.

ಸಣ್ಣ ಪ್ರಮಾಣದ ಸ್ಟೆರಾಯ್ಡ್ ಮಾತ್ರೆ ಅವಳಿಗೆ ಕಾಯಂ ಆಯಿತು. ನರ ನಿಧಾನಕ್ಕೆ ಚಿಗುರಿ, ಪಾದ ಅರೆಬರೆ ಏಳತೊಡಗಿದಾಗ ಶಾಲೆಗೆ ಹೊರಟೇ ನಿಂತಳು. ಕಮಲಾಪುರದ ಬಸ್ಸಿನ ಮೆಟ್ಟಿಲಲ್ಲಿ ನಾನು ಕೈ ನೀಡಿದೆ.

"ಬ್ಯಾಡ, ತಡಿ," ಎಂದಳು.

ಮೊದಲ ಸಲ ಕಾಲ್ಬೆರಳು ಮೆಟ್ಟಿಲಿನ ಅಂಚಿಗೆ ತಾಕಿ ಕಾಲು ಜಾರಿತು. ಹಿಂದಿನವರು ಯಾರೂ ಗದ್ದಲ ಮಾಡಲಿಲ್ಲ. ಸೀಟಿ ಬಾಯಿಗಿಟ್ಟಿದ್ದ ಕಂಡಕ್ಟರ್ ಅದನ್ನು ಕೆಳಗಿಳಿಸಿ, "ಸಾವಕಾಶ ಹತ್ರೀ ಟೀಚರ್," ಎಂದ. ಅಕ್ಕ ತನ್ನ ಪಾದವನ್ನೇ ದಿಟ್ಟಿಸಿದಳು, ಉತ್ತರ ಗೊತ್ತಿದ್ದೂ ಹೇಳಲು ಅಳುಕುವ ಹುಡುಗಿಯನ್ನು ನೋಡುವ ಹಾಗೆ. ಅದು ಎದ್ದಿತು.