ಮಾಂತ್ರಿಕನ ತೂಗಾಟ

ಸ್ನೇಹಿತರೇ, ಇಂದು ಸಂಜೆ ಗುಂಡ್ಲುಪೇಟೆಯಲ್ಲಿ ನಾನೊಂದು ಕೊಲೆಗೆ ಕಾರಣನಾದೆನೆಂದು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಸತ್ತವನು ಗೆಳೆಯ ಪುಟ್ಟಸ್ವಾಮಿ ಎರಡು ವರ್ಷದಿಂದ ಬೆಳೆಸಿದ್ದ ಕಾಗದದ ವೀರ. ಪ್ರತಿ ಭಾನುವಾರ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕತೆ ಕಟ್ಟಿ ಆಡುವ ನಮ್ಮ ಆಟದಲ್ಲಿ ನಾನು ಮಾಂತ್ರಿಕ. ವರ್ಷವಿಡೀ ಕೂಡಿಟ್ಟ ಅಂಕವೆಲ್ಲ ಸುರಿದರೂ ಸಿಗುವುದು ಒಂದೇ ವಿದ್ಯೆ: ಬೆಂಕಿಮಳೆ, ಇಲ್ಲವೇ ಗಾಯ ಮಾಯಿಸುವ ಮಾಯೆ. ವೀರನ ಕುತ್ತಿಗೆಗೆ ಆಗಲೇ ಹುಲಿ ಬಾಯಿ ಹಾಕಿತ್ತು.

"ಗಾಯದ್ದೇ ತಕ್ಕಳ್ಲಾ, ನನ್ನವ್ನು ಸಾಯ್ತಾವ್ನೆ," ಎಂದ ಪುಟ್ಟಸ್ವಾಮಿ.

"ಇರ್ಲಾ, ದುಬಾರಿ ವಿದ್ಯೆ, ತೂಗಿ ನೋಡ್ಬೇಕು."

ಆಟ ನಡೆಸುವ ಮಾದೇವ ನಿಟ್ಟುಸಿರಿಟ್ಟ. "ಅರ್ಧ ಗಂಟೆಯಿಂದ ತೂಗ್ತಾ ಇದ್ದೀಯ, ಅದೇನ್ ಮಂತ್ರವೋ ತೊಟ್ಲೋ. ಇನ್ನು ಕಾಯಕ್ಕಾಗಲ್ಲ ಕಣ್ಲಾ." ಹುಲಿಯ ಪರವಾಗಿ ದಾಳ ಉರುಳಿಸಿದ. ವೀರ ಸತ್ತ.

ಪುಟ್ಟಸ್ವಾಮಿ ವೀರನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. "ನನ್ನ ಇನ್ಮೇಲೆ ಕರೀಬ್ಯಾಡಿ," ಎಂದವನೇ ತನ್ನೂರು ಹರದನಹಳ್ಳಿಗೆ ಬೈಕ್ ತಿರುಗಿಸಿದ.

ಭೌತಶಾಸ್ತ್ರದ ಎಂ.ಎಸ್ಸಿ. ನಾನು, ಲೆಕ್ಕ ಹಾಕದೆ ಹೆಜ್ಜೆ ಇಡುವವನಲ್ಲ ಎಂದು ಉಳಿದವರಿಗೆ ಹೇಳಿ ಬಂದೆ. ನಿಜವೆಂದರೆ ಲೆಕ್ಕ ಮೊದಲ ನಿಮಿಷದಲ್ಲೇ ಮುಗಿದಿತ್ತು, ಗಾಯದ ಮಂತ್ರವನ್ನೇ ಆರಿಸಿಕೊಂಡಿದ್ದೆ. ಮಾದೇವ ದಾಳ ಉರುಳಿಸಿದಾಗ ರಾಹುಕಾಲ ಮುಗಿಯಲು ಮಾತ್ರ ಇನ್ನೂ ಹತ್ತು ನಿಮಿಷವಿತ್ತು.