ಅತಿವೇಗ ಎಂಬ ಒಂದು ಪದ

ಹಿಪ್ಪರಗಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಎರಡು ಟ್ರೇಲರ್‌ಗಳಲ್ಲಿ ಮುಂದಿನದು ಪಲ್ಟಿಯಾದಾಗ ಅದಕ್ಕೂ ನನ್ನ ಬೈಕಿಗೂ ನಡುವೆ ಒಂದು ಮಾರು ಜಾಗ ಇದ್ದಿರಬೇಕು. ಕಬ್ಬು ಜಾರಿ ಬಂದು ನನ್ನ ಮುಂದಿನ ಗಾಲಿಯ ಹತ್ತಿರ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಜಮಖಂಡಿಯಲ್ಲಿ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿ ಆಗಿನ್ನೂ ಎರಡು ತಿಂಗಳು. ಬೈಕಿನಿಂದ ಇಳಿಯದೆಯೇ ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದು ಹುಬ್ಬಳ್ಳಿಯ ಡೆಸ್ಕಿಗೆ ಕಳಿಸಿಬಿಟ್ಟೆ. ‘ಅತಿವೇಗವಾಗಿ ಬಂದ ಕಬ್ಬಿನ ಟ್ರ್ಯಾಕ್ಟರ್’ ಎಂದೇ ಅದು ಶುರುವಾಗುತ್ತಿತ್ತು.

ಜನರನ್ನು ಕೇಳಿದ್ದು ಆಮೇಲೆ. “ಭಾಳ ಸ್ಪೀಡ್ ಇತ್ತಲ್ರೀ?” ಎಂದರೆ, “ಹೌದ್ರಿ, ಭಾಳ ಸ್ಪೀಡ್” ಎಂದರು ಎಲ್ಲರೂ. ಡ್ರೈವರ್ ರಸ್ತೆ ಬದಿ ಕುಕ್ಕರಗಾಲಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ.

“ಸರ್, ಪೇಪರಿನ್ಯಾಗ ಹಂಗ ಬಂದ್ರ ಮಾಲಕ್ ನಾಳಿಂದ ಬರಬ್ಯಾಡ ಅಂತಾನ್ರಿ. ನಾ ಸಾವಕಾಶನ ಹೊಂಟಿದ್ದೆ.”

ಯಾವ ಡ್ರೈವರ್ ತಾನೇ ಹೀಗೆ ಹೇಳುವುದಿಲ್ಲ ಅನ್ನಿಸಿತು. ಆದರೆ ನನ್ನ ಪ್ರಶ್ನೆಯೊಳಗೇ ಉತ್ತರ ಕೂತಿತ್ತಲ್ಲ? ಕಾಲೇಜಿನಲ್ಲಿ ಪತ್ರಿಕೋದ್ಯಮದ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದುದು ಇಂಥದ್ದಕ್ಕೇ.

ಪಕ್ಕದಲ್ಲಿ ಒಬ್ಬ ಅಜ್ಜಿ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ನಿಂತಿದ್ದರು. ಅವರನ್ನು ಬೇರೆ ರೀತಿ ಕೇಳಿದೆ.

“ಆಯಿ, ಟ್ರೇಲರ್ ಬೀಳೋಕಿಂತ ಮದ್ಲ ನೀವೇನ್ ಮಾಡಾಕತ್ತಿದ್ರಿ?”

“ಬರ್ಕೊಳಂಗಿಲ್ಲಂದ್ರ ಹೇಳ್ತೀನಿ.”

ಪೆನ್ನು ಜೇಬಿಗೆ ಹಾಕಿದೆ.

“ಹಿಂದಿನ ಟ್ರೇಲರಿನಾಗಿಂದ ಒಂದ ಕಬ್ಬ ಎಳ್ಯಾಕತ್ತಿದ್ದೆ.”

“ಓಡಕೋತ?”

“ಈ ಮೊಣಕಾಲ ತಗೊಂಡ ಎಲ್ಲಿ ಓಡ್ಲೋ ತಮ್ಮಾ. ಗಾಡಿ ನನ್ನ ಸರಿಸಮ ನಡಕೋತನ ಹೊಂಟಿತ್ತು. ಎದರಿಗೆ ಬಸ್ ಬಂತು, ಸೈಡ್ ಕೊಟ್ಟ, ರೋಡಿನ ಅಂಚಿನ ಮಣ್ಣ ಕುಸೀತು. ಸುದ್ದಿ ಬರಿಯಾಂವಾ, ಅಷ್ಟೂ ನೋಡ್ಲಿಲ್ಲೇನ?”

ಸುತ್ತಲಿನವರು ನಕ್ಕರು. ನಮ್ಮ ಕಡೆ ನಿಧಾನ ಹೋಗುವ ಗಾಡಿಯಿಂದ ಒಂದು ಕಬ್ಬು ಎಳೆದುಕೊಳ್ಳದವರು ಕಡಿಮೆ. ಜೋರಾಗಿ ಓಡುವ ಗಾಡಿಗೆ ಯಾರೂ ಕೈ ಹಾಕುವುದಿಲ್ಲ. ರಸ್ತೆಯಂಚಿಗೆ ಹೋಗಿ ನೋಡಿದೆ. ಗಾಲಿಯ ಗುರುತು ಡಾಂಬರು ಬಿಟ್ಟು ಇಳಿದಲ್ಲಿ ಮಣ್ಣು ಮೊಳದಷ್ಟು ಕುಸಿದಿತ್ತು. ಅವರ ಹೆಸರೂ ಕಬ್ಬಿನ ಮಾತೂ ಪೇಪರಿನಲ್ಲಿ ಬರುವುದಿಲ್ಲ ಎಂದು ಹೇಳಿ, ಉಳಿದದ್ದಕ್ಕೆ ಅಜ್ಜಿಯ ಒಪ್ಪಿಗೆ ಪಡೆದು, ಡೆಸ್ಕಿಗೆ ಫೋನ್ ಮಾಡಿದೆ.

“ಬಸ್ಸಿಗೆ ಸೈಡ್ ಕೊಡೂವಾಗ ಮಣ್ಣ ಕುಸದದ ಅಂತ ಹಾಕ್ರಿ. ಅತಿವೇಗ ಅನ್ನೋದನ್ನ ತಗೀರಿ.”

“ನೀವ ಕಣ್ಣಾರೆ ನೋಡಿ ಬರದೀರಲ್ರೀ?”

“ನೋಡೀನ್ರಿ. ಅಂಜಿಕ್ಯಾಗ ನೋಡೀನಿ.”

ಮರುದಿನ ಆ ಪದವಿಲ್ಲದೆ ಸುದ್ದಿ ಬಂತು. ವಾರದ ನಂತರ ಅದೇ ಡ್ರೈವರ್ ಅದೇ ಟ್ರ್ಯಾಕ್ಟರ್ ಮೇಲೆ ಎದುರಾಗಿ ಕೈ ಎತ್ತಿದ. ನಾನಾಗಲೇ ಬೈಕನ್ನು ರಸ್ತೆ ಬಿಟ್ಟು ಹೊಲದೊಳಕ್ಕೆ ಇಳಿಸಿ ನಿಂತಿದ್ದೆ. ನನ್ನ ನೆನಪಿನಲ್ಲಿ ಆ ಟ್ರೇಲರ್ ಇವತ್ತಿಗೂ ಧಾವಿಸಿಯೇ ಬರುತ್ತದೆ. ಅದರ ಪಕ್ಕದಲ್ಲಿ ಅಜ್ಜಿ ನಡೆಯುತ್ತಿದ್ದರು ಎಂದು ಪ್ರತಿ ಸಲವೂ ನಾನೇ ಹೇಳಿಕೊಳ್ಳಬೇಕು.